ನಿಮಗಿದು ಗೊತ್ತೇ? ಕಟ್ಟಿದ್ದು ಒಂದಕ್ಕೆ, ಒದಗಿದ್ದು ಇನ್ನೊಂದಕ್ಕೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೇಸ್‌ಬಾಲ್ ಮೈದಾನ ಎಲ್ಲಿದೆ ಎಂದು ಕೇಳಿದರೆ ಜನ ನಕ್ಕಾರು. ಆದರೆ ಅಮೆರಿಕದ ಒಂದು ಮಾಜಿ ಬೇಸ್‌ಬಾಲ್ ಅಂಗಳದ ಸಂಗತಿ ಕೆದಕುತ್ತ ಹೋದರೆ ಚಿಕ್ಕಮಗಳೂರಿನ ಕಾಫಿ ತೋಟ ಸಿಗುತ್ತದೆ, ಮದ್ದೂರಿನ ಸೋಮನಹಳ್ಳಿ ಸಿಗುತ್ತದೆ, ಮಂಡ್ಯದ ವಕೀಲರೊಬ್ಬರೂ ಸಿಗುತ್ತಾರೆ. ಈ ಸಲದ ಅಂಕಣ ಪೂರ್ತಿ ಬಯಲಿನ ಸುದ್ದಿ.

● ಟೆಕ್ಸಾಸ್ ರಾಜ್ಯದಲ್ಲಿ ಡಾಲಸ್‌ಗೂ ಫೋರ್ಟ್‌ವರ್ತ್‌ಗೂ ನಡುವೆ ಗ್ರ್ಯಾಂಡ್ ಪ್ರೇರಿ ಎಂಬ ಊರಿದೆ. 2008ರಲ್ಲಿ ಅಲ್ಲಿ, ಲೋನ್ ಸ್ಟಾರ್ ಪಾರ್ಕ್ ಎಂಬ ಕುದುರೆ ಪಂದ್ಯದ ಮೈದಾನದ ಪಕ್ಕದಲ್ಲೇ, ಒಂದು ಬೇಸ್‌ಬಾಲ್ ಅಂಗಳ ತೆರೆಯಿತು. ದೊಡ್ಡ ಲೀಗಿನ ಥಳುಕಿಲ್ಲದ, ಊರಿನವರು ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ ಕೂರುವಂಥ ಜಾಗ. ಊರಿನ ತಂಡದ ಹೆಸರು ಏರ್‌ಹಾಗ್ಸ್. 2011ರಲ್ಲಿ ತಂಡ ತನ್ನ ಲೀಗಿನ ಚಾಂಪಿಯನ್ ಕೂಡ ಆಯಿತು.

● ಅದೇ ತಂಡ 2018ರಲ್ಲಿ ಮಾಡಿದ ಕೆಲಸ ಇನ್ನೂ ಸೋಜಿಗದ್ದು. ಬೀಜಿಂಗಿನ ಕ್ಲಬ್ಬಿನ ಜೊತೆ ಒಪ್ಪಂದ ಮಾಡಿಕೊಂಡು ಚೀನಾದ ಆಟಗಾರರನ್ನೇ ತಂದು ಟೆಕ್ಸಾಸಿನ ಅಂಗಳದಲ್ಲಿ ಆಡಿಸಿತು. ಆದರೂ ಬಾಳಲಿಲ್ಲ. 2020ರ ಹೊತ್ತಿಗೆ ತಂಡ ಲೀಗಿನಿಂದಲೇ ಹೊರಬಿತ್ತು. ಅಂಗಳ ಮಾತ್ರ ಉಳಿಯಿತು.

● ಬೇಸ್‌ಬಾಲ್ ಅಂಗಳವನ್ನು ಕ್ರಿಕೆಟ್ ಮೈದಾನ ಮಾಡುವುದೆಂದರೆ ಗೆರೆ ಅಳಿಸಿ ಗೆರೆ ಎಳೆದಷ್ಟು ಸಲೀಸಲ್ಲ. ಬೇಸ್‌ಬಾಲ್ ಅಂಗಳ ಬಿಚ್ಚಿದ ಬೀಸಣಿಗೆಯ ಆಕಾರದ್ದು. ಆಟವೆಲ್ಲ ಒಂದು ಮೂಲೆಯಿಂದ ಶುರುವಾಗುತ್ತದೆ. ಹಾಗಾಗಿ ಒಳ್ಳೆಯ ಆಸನಗಳೂ ಆ ಮೂಲೆಯ ಬೆನ್ನಿಗೇ ಇರುತ್ತವೆ. ಚೆಂಡು ಎಸೆಯುವವನಿಗೂ ಹೊಡೆಯುವವನಿಗೂ ನಡುವೆ 60 ಅಡಿ 6 ಅಂಗುಲ. ಒಂದು ಬೇಸ್‌ನಿಂದ ಮತ್ತೊಂದಕ್ಕೆ 90 ಅಡಿ. ಕ್ರಿಕೆಟ್‌ನಲ್ಲಿ 22 ಗಜದ ಪಿಚ್ ನಟ್ಟನಡುವೆ ಬರಬೇಕು, ಬ್ಯಾಟ್ಸ್‌ಮನ್ ಸುತ್ತ ಎತ್ತ ಬೇಕಾದರೂ ಹೊಡೆಯಬಹುದು, ಬೆನ್ನ ಹಿಂದಕ್ಕೆ ಹೋದ ಚೆಂಡಿಗೂ ಓಟ ಸಿಗುತ್ತದೆ. ಬೇಸ್‌ಬಾಲ್‌ನಲ್ಲಿ ಹಿಂದಕ್ಕೆ ಹೋದದ್ದು ಫೌಲ್. ಗ್ರ್ಯಾಂಡ್ ಪ್ರೇರಿಯವರು ಇದನ್ನೆಲ್ಲ ಹೊಸದಾಗಿ ಹದ ಮಾಡಿ, 7,200 ಆಸನಗಳೊಂದಿಗೆ 2023ರ ಜುಲೈ 13ರಂದು ಅಮೆರಿಕದ ಟಿ20 ಲೀಗಾದ ಮೇಜರ್ ಲೀಗ್ ಕ್ರಿಕೆಟ್‌ನ ಮೊಟ್ಟಮೊದಲ ಪಂದ್ಯ ನಡೆಸಿದರು.

● 2024ರ ಟಿ20 ವಿಶ್ವಕಪ್ಪಿನ ಉದ್ಘಾಟನಾ ಪಂದ್ಯ ನಡೆದದ್ದೂ ಇದೇ ಮಾಜಿ ಬೇಸ್‌ಬಾಲ್ ಅಂಗಳದಲ್ಲಿ. ಅಮೆರಿಕ–ಕೆನಡಾ. ಆರನ್ ಜೋನ್ಸ್ 40 ಚೆಂಡಿಗೆ ಔಟಾಗದೆ 94 ಹೊಡೆದು ಗೆಲ್ಲಿಸಿದರು. ಅಂದಹಾಗೆ, ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ಇಂಗ್ಲೆಂಡಿನದೂ ಅಲ್ಲ, ಆಸ್ಟ್ರೇಲಿಯಾದ್ದೂ ಅಲ್ಲ. ಅದು 1844ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಇದೇ ಅಮೆರಿಕ–ಕೆನಡಾ ಪಂದ್ಯ!

● ಈಗ ಅಸಲಿ ವಿಷಯ. 2024ರ ಜೂನ್ 6. ಅದೇ ಅಂಗಳ, ಅಮೆರಿಕದ ಎದುರು ಪಾಕಿಸ್ತಾನ. ಅಮೆರಿಕದ ಪರ ಎಡಗೈ ಸ್ಪಿನ್ ಹಾಕಲು ಬಂದವರು ನೋಸ್ತುಷ್ ಕೆಂಜಿಗೆ. ಹೆಸರಿನಲ್ಲೇ ಮಲೆನಾಡು ಇದೆ. 1991ರಲ್ಲಿ ಅಲಬಾಮಾ ರಾಜ್ಯದ ಆಬರ್ನ್‌ನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಮನೆಯವರೊಂದಿಗೆ ಭಾರತಕ್ಕೆ ಬಂದವರು. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದು, ಕ್ಲಬ್ ಕ್ರಿಕೆಟ್. ಇಲ್ಲಿ ದಾರಿ ತೆರೆಯಲಿಲ್ಲ, 2015ರಲ್ಲಿ ಅಮೆರಿಕಕ್ಕೆ ಮರಳಿದರು. ಆ ದಿನ 30 ರನ್ ಕೊಟ್ಟು 3 ವಿಕೆಟ್: ಉಸ್ಮಾನ್ ಖಾನ್, ಶಾದಾಬ್ ಖಾನ್, ಶಾದಾಬ್ ಹಿಂದೆಯೇ ಮುಂದಿನ ಚೆಂಡಿಗೆ ಅಜಂ ಖಾನ್. ಎರಡೂ ತಂಡ 159ಕ್ಕೆ ನಿಂತವು. ಸೂಪರ್ ಓವರ್‌ನಲ್ಲಿ ಅಮೆರಿಕ 18, ಪಾಕಿಸ್ತಾನ 13. ಕ್ರಿಕೆಟ್ ಲೋಕ ತಿಂಗಳುಗಟ್ಟಲೆ ಆ ಸೂಪರ್ ಓವರ್ ಬಗ್ಗೆಯೇ ಮಾತಾಡಿತು. ಪಂದ್ಯದ ನಡುವಿನ ಕಟ್ಟು ಸಡಿಲಿಸಿದ್ದು ಕೆಂಜಿಗೆಯ ಆ ಎರಡು ಚೆಂಡು ಎಂಬುದು ಈ ಅಂಕಣಕಾರನ ತೀರ್ಮಾನ. ಊರಿನ ಅಭಿಮಾನ ಸ್ವಲ್ಪ ಬೆರೆತಿದೆ, ಒಪ್ಪಿಕೊಳ್ಳೋಣ.

● ಅಮೆರಿಕ ತಂಡಕ್ಕೆ ಅದಕ್ಕೂ ಮೊದಲು, 2020ರಲ್ಲಿ, ಮುಖ್ಯ ತರಬೇತುದಾರರಾಗಿ ನೇಮಕವಾದವರು ಯಾರು ಗೊತ್ತೇ? ಕರ್ನಾಟಕದ ರಣಜಿ ಆರಂಭಿಕ ಆಟಗಾರ ಜೆ. ಅರುಣ್‌ಕುಮಾರ್.

● ಇನ್ನೂ ಒಂದು ಮಾಜಿ ಬೇಸ್‌ಬಾಲ್ ಅಂಗಳ: ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕೊಲಿಸಿಯಂ. 1968ರಿಂದ ಅಲ್ಲಿ ಆಡುತ್ತಿದ್ದ ಓಕ್ಲೆಂಡ್ ಎ’ಸ್ ತಂಡ 2024ರ ಸೆಪ್ಟೆಂಬರ್ 26ರಂದು ಕೊನೆಯ ಪಂದ್ಯ ಆಡಿ ಊರು ಬಿಟ್ಟಿತು. ಒಂಬತ್ತು ತಿಂಗಳು ತುಂಬುವ ಮೊದಲೇ, 2025ರ ಜೂನ್ 12ರಂದು, ಅದೇ ನೆಲದಲ್ಲಿ ಮೇಜರ್ ಲೀಗ್ ಕ್ರಿಕೆಟ್‌ನ ಸ್ಯಾನ್ ಫ್ರಾನ್ಸಿಸ್ಕೊ ಯೂನಿಕಾರ್ನ್ಸ್ ಪರ ಫಿನ್ ಆ್ಯಲನ್ 51 ಚೆಂಡಿಗೆ 151 ಬಾರಿಸಿದರು. ಅದರಲ್ಲಿ 19 ಸಿಕ್ಸರ್, ಟಿ20ಯ ಒಂದು ಇನಿಂಗ್ಸ್‌ನಲ್ಲಿ ಅಲ್ಲಿಯವರೆಗೆ ಯಾರೂ ಹೊಡೆದಿರದಷ್ಟು. ಇದೇ ಯೂನಿಕಾರ್ನ್ಸ್ ಪರ ಆಡುವ ಸಂಜಯ್ ಕೃಷ್ಣಮೂರ್ತಿ ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ.

● ಗ್ರ್ಯಾಂಡ್ ಪ್ರೇರಿಯ ನೆರೆಯ ಡಾಲಸ್ ನಗರಕ್ಕೆ ಮದ್ದೂರಿನವರೊಬ್ಬರು ಬಹಳ ಹಿಂದೆಯೇ ಹೋಗಿ ಬಂದಿದ್ದರು. ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಕಾನೂನು ಓದಿದ್ದು ಡಾಲಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ. ಆಮೇಲೆ ವಾಷಿಂಗ್ಟನ್ನಿನಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ. 1960ರಲ್ಲಿ ಜಾನ್ ಕೆನಡಿ ಪರ ಅಲ್ಲಿನ ಭಾರತೀಯರ ನಡುವೆ ಪ್ರಚಾರ ಮಾಡಿದವರು 1962ರಲ್ಲಿ ಮದ್ದೂರಿನಿಂದಲೇ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಬಂದರು. ಅಮೆರಿಕದಲ್ಲಿ ಓದಿ ಬಂದವರಿಗೆ ಬೇಸ್‌ಬಾಲ್ ಹುಚ್ಚು ಹತ್ತಲಿಲ್ಲ, ಟೆನಿಸ್ ಹತ್ತಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಟೆನಿಸ್ ಕ್ರೀಡಾಂಗಣಕ್ಕೆ ಇರುವುದು ಅವರದೇ ಹೆಸರು.

● ಕಬ್ಬನ್ ಪಾರ್ಕ್ ದಾಟಿದರೆ ಎದುರಿಗೇ ಚಿನ್ನಸ್ವಾಮಿ ಕ್ರೀಡಾಂಗಣ. ಆ ಚಿನ್ನಸ್ವಾಮಿ ಯಾರು? ಆಟಗಾರರಿರಬೇಕು ಎಂದುಕೊಳ್ಳುವವರೇ ಹೆಚ್ಚು. ಅಲ್ಲ. ಮಂಗಲಂ ಚಿನ್ನಸ್ವಾಮಿ ಮಂಡ್ಯದವರು, ಮಂಡ್ಯದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದವರು. ಎರಡೂವರೆ ದಶಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ, ಆಮೇಲೆ ಅಧ್ಯಕ್ಷ. 1977ರಿಂದ 1980ರವರೆಗೆ ಭಾರತ ಕ್ರಿಕೆಟ್ ಮಂಡಳಿಯ ಅಧ್ಯಕ್ಷ. ಕೇಸಿನ ಕಡತ ಒಂದು ಕೈಯಲ್ಲಿ, ಕ್ರಿಕೆಟ್ಟಿನ ಕಡತ ಇನ್ನೊಂದರಲ್ಲಿ ಹಿಡಿದು ಇಷ್ಟು ವರ್ಷ ಓಡಾಡಿದ ಮನುಷ್ಯನ ಹೆಸರು ಇವತ್ತು ಐಪಿಎಲ್ ಟಿಕೆಟ್ಟಿನ ಮೇಲೆ ಅಚ್ಚಾಗುತ್ತದೆ. ಸಾಲಿನಲ್ಲಿ ನಿಂತ ಮಂಡ್ಯದ ಹುಡುಗರಿಗಾದರೂ ಇದು ತಿಳಿದಿರಬೇಕು ಎಂಬುದಷ್ಟೇ ನನ್ನ ತಕರಾರು.

● ಆ ಕ್ರೀಡಾಂಗಣದ ಮೊದಲ ಟೆಸ್ಟ್ 1974ರ ನವೆಂಬರ್‌ನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಚೊಚ್ಚಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್? 4 ಮತ್ತು 3. ಎರಡು ಸಲವೂ ಕೆಡವಿದ್ದು ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್.

● ಮೈಸೂರು ಸಂಸ್ಥಾನದ ಕ್ರಿಕೆಟ್ ಸಂಸ್ಥೆಯೂ ಮಂಡ್ಯದ ಸಕ್ಕರೆ ಕಂಪನಿಯೂ ಹುಟ್ಟಿದ್ದು ಒಂದೇ ವರ್ಷ: 1933. ಮೈಷುಗರ್ ಕಟ್ಟಲು ಟೊಂಕ ಕಟ್ಟಿ ನಿಂತ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಇಂಗ್ಲಿಷರಲ್ಲ, ಕೆನಡಾದ ಒಂಟಾರಿಯೊ ಪ್ರಾಂತ್ಯದವರು. ಮೂಲತಃ ಕೀಟತಜ್ಞ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರೂ ಇವರೇ.

● ಕೋಲ್ಮನ್‌ರ ತವರು ಒಂಟಾರಿಯೊದ ಲಂಡನ್ ಪಟ್ಟಣದಲ್ಲಿ (ಹೌದು, ಕೆನಡಾದಲ್ಲೂ ಒಂದು ಲಂಡನ್ ಇದೆ, ಅಲ್ಲೂ ಒಂದು ಥೇಮ್ಸ್ ಹರಿಯುತ್ತದೆ) ಲಾಬಾಟ್ ಪಾರ್ಕ್ ಎಂಬ ಬೇಸ್‌ಬಾಲ್ ಅಂಗಳವಿದೆ. 1877ರಿಂದ ಆಟ ನಡೆಯುತ್ತ ಬಂದಿರುವ, ಜಗತ್ತಿನ ಅತಿ ಹಳೆಯ ಬೇಸ್‌ಬಾಲ್ ಅಂಗಳ ಎಂಬ ಖ್ಯಾತಿ ಅದಕ್ಕೆ. ಉಳಿದದ್ದು ಹೇಗೆ? 1936ರ ಕೊನೆಯ ದಿನ ಲಾಬಾಟ್ ಮನೆತನದವರು ಅಂಗಳವನ್ನು ನಗರಕ್ಕೆ ದಾನ ಕೊಟ್ಟರು, ಜೊತೆಗೆ 10,000 ಡಾಲರ್ ಮತ್ತು ಒಂದು ಷರತ್ತು: ಇದು ಎಂದೆಂದಿಗೂ ಸಾರ್ವಜನಿಕರ ಆಟದ ಬಯಲಾಗಿಯೇ ಇರಬೇಕು. ದಾನಪತ್ರ ಬರೆದವರಿಗೆ ಮುಂದಿನ ಪೀಳಿಗೆಯ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ ಎನಿಸುತ್ತದೆ. ಒಳ್ಳೆಯದೇ ಆಯಿತು.

● ಬೇಸ್‌ಬಾಲ್ ಹುಟ್ಟಿದ್ದು 1839ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ಎಂದು ಅಮೆರಿಕನ್ನರು ಬಹುಕಾಲ ನಂಬಿದ್ದರು. ಅದು ಕಟ್ಟುಕಥೆ ಎಂದು ಇತಿಹಾಸಕಾರರು ಪಕ್ಕಾ ಮಾಡಿದ್ದಾರೆ. 1838ರ ಜೂನ್ 4ರಂದೇ ಒಂಟಾರಿಯೊದ ಬೀಚ್‌ವಿಲ್‌ನಲ್ಲಿ ಅಂಥದ್ದೇ ಆಟ ನಡೆದಿತ್ತು ಎಂದು ಕಂಡವರೊಬ್ಬರು ಆಮೇಲೆ ಬರೆದಿಟ್ಟಿದ್ದಾರೆ. ಕಥೆ ಸುಳ್ಳಾದರೂ ಕೂಪರ್ಸ್‌ಟೌನ್‌ನ ಡಬಲ್‌ಡೇ ಫೀಲ್ಡ್ ಎಂಬ ಬೇಸ್‌ಬಾಲ್ ಅಂಗಳ ನಿಜ. ಅದು ಒಂದು ಕಾಲಕ್ಕೆ ಫಿನ್ನಿ ಎಂಬುವರ ದನ ಮೇಯುವ ಹುಲ್ಲುಗಾವಲು. ಗೋಮಾಳದಲ್ಲಿ ಚಿನ್ನಿದಾಂಡು ಆಡಿ ಬೆಳೆದ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

● ಅದೇ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ತೆರೆದದ್ದು 1939ರ ಜೂನ್ 12ಕ್ಕೆ. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರ ಜುಲೈ 1ಕ್ಕೆ. ಮೂರು ವಾರದ ಅಂತರವೂ ಇಲ್ಲ.

● ಮಳವಳ್ಳಿಗೆ ಬನ್ನಿ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಕಾಳಗವಾಯಿತು. ಹ್ಯಾರಿಸ್ ಆಮೇಲೆ ಸೋಸಲೆಯ ಬಳಿ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಲಗ್ಗೆ ಹಾಕಿದ. ಮೇ 4ಕ್ಕೆ ಕೋಟೆ ಬಿತ್ತು. ಮಳವಳ್ಳಿಯಲ್ಲಿ ಬ್ರಿಟಿಷರ ಎಡಭಾಗವನ್ನು ನಡೆಸುತ್ತಿದ್ದ ಕರ್ನಲ್‌ನ ಹೆಸರು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಈತನೇ.

● ವಾಟರ್ಲೂ ಕದನ ಗೆದ್ದದ್ದು ಈಟನ್ ಶಾಲೆಯ ಆಟದ ಮೈದಾನದಲ್ಲಿ ಎಂಬ ಮಾತು ಈ ವೆಲ್ಲೆಸ್ಲಿಯ ಹೆಸರಿಗೆ ಅಂಟಿಕೊಂಡಿದೆ. ಅವನು ಹಾಗೆ ಹೇಳಿದ ಎನ್ನಲು ಗಟ್ಟಿ ಪುರಾವೆಯಿಲ್ಲ; ಮಾತು ಹಬ್ಬಿದ್ದು ಅವನು ಸತ್ತ ಮೇಲೆ. ಯುದ್ಧ ಕಲಿತ ಬಯಲು ಯಾವುದು ಎಂದು ಕೇಳಿದ್ದರೆ ಮಳವಳ್ಳಿಯ ಹೆಸರಿಗೇ ಹೆಚ್ಚು ಹಕ್ಕಿತ್ತು. ಭಾರತಕ್ಕೆ ಕ್ರಿಕೆಟ್ ತಂದದ್ದೂ ಇವನೇ ಎಂದು ಕೇರಳದ ತಲಶ್ಶೇರಿಯವರು ಐತಿಹ್ಯ ಹೇಳುತ್ತಾರೆ. ಆ ನಂಬಿಕೆಯ ಮೇಲೆಯೇ 2002ರಲ್ಲಿ ಅಲ್ಲಿ ಇನ್ನೂರನೇ ವರ್ಷದ ಸಂಭ್ರಮವೂ ನಡೆಯಿತು.

● ರಾತ್ರಿ ಆಟಕ್ಕೆ ಬೆಳಕು ಬೇಕು. ಅಮೆರಿಕದ ದೊಡ್ಡ ಲೀಗಿನಲ್ಲಿ ದೀಪದಡಿ ಮೊದಲ ಬೇಸ್‌ಬಾಲ್ ಪಂದ್ಯ 1935ರ ಮೇ 24ರಂದು, ಸಿನ್ಸಿನಾಟಿಯಲ್ಲಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಹೊರಟ ವಿದ್ಯುತ್ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿದ್ದು ಅದಕ್ಕೂ 33 ವರ್ಷ ಮೊದಲು, 1902ರಲ್ಲಿ. ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನ್ ಸ್ವಿಟ್ಜರ್ಲೆಂಡಿನದು, ನೀರು ಕಾವೇರಿಯದು. ಯೋಜನೆಯ ಮುಖ್ಯ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಮತ್ತೆ ಕೆನಡಾದವರೇ! ನಮ್ಮ ಕಬ್ಬಿಗೂ ಕರೆಂಟಿಗೂ ಕೆನಡಾ ನಂಟು ಹೀಗೆ.

● ಮದ್ದೂರಿನ ಶಿವಪುರದ ಬಯಲು ಕಂಡದ್ದು ಬೇರೆಯೇ ಬಗೆಯ ಪಂದ್ಯ. 1938ರ ಏಪ್ರಿಲ್ 9ರಿಂದ 11ರವರೆಗೆ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಸೇರಿದ ಜನರಿಗೆ ಅಲ್ಲಿದ್ದದ್ದು ಚಪ್ಪರ, ಹೊಲ, ಪಕ್ಕದಲ್ಲಿ ಶಿಂಷಾ. ಕಾಂಗ್ರೆಸ್ ಧ್ವಜ ಹಾರಿಸಬಾರದೆಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿತ್ತು. ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಧ್ವಜ ಏರಿತು, ಮುಖಂಡರು ಜೈಲಿಗೆ ಹೋದರು. ಎರಡು ವಾರದಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜದ ವಿಷಯಕ್ಕೇ ಗುಂಡು ಹಾರಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ರಾಜಿಯಾಯಿತು: ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವೂ ಹಾರಬಹುದು. ಇವತ್ತು ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಡೆಗೆಂದು ಗಾಡಿ ನಿಲ್ಲಿಸುವವರಲ್ಲಿ ನೂರಕ್ಕೆ ಒಬ್ಬರಾದರೂ ಅತ್ತ ತಿರುಗಿ ನೋಡಿದರೆ ಪುಣ್ಯ.

● ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಅತಿ ಹೆಚ್ಚು ಜನ ಕಣ್ಣೀರು ಹಾಕಿದ್ದು ಯಾವ ಪಂದ್ಯ ಸೋತದ್ದಕ್ಕೂ ಅಲ್ಲ. 2018ರ ನವೆಂಬರ್ 25ರಂದು ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಷ್ ಅವರ ಪಾರ್ಥಿವ ಶರೀರವನ್ನು ಬೆಂಗಳೂರಿನಿಂದ ಹೆಲಿಕಾಪ್ಟರಿನಲ್ಲಿ ತಂದು ಅಲ್ಲಿಟ್ಟರು. ಮರಳಿ ಒಯ್ಯುವಾಗ ಪತ್ನಿ ಸುಮಲತಾ ಮಂಡ್ಯದ ಮಣ್ಣನ್ನು ಅವರ ಹಣೆಗೆ ಇಟ್ಟರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೂ ಈ ಕೆಲಸ ಹೊಸದಲ್ಲ: 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್. ಜನ ಸೇರಲು ಅಷ್ಟು ದೊಡ್ಡ ಜಾಗ ಊರಿನಲ್ಲಿ ಬೇರೆ ಎಲ್ಲಿದೆ?

● ಕಂಠೀರವ ಕ್ರೀಡಾಂಗಣ ಇರುವುದು ಕೆರೆಯ ಮೇಲೆ. ಸಂಪಂಗಿ ಕೆರೆ ಅದು. ಅದರ ಒಂದು ತುಣುಕು ಇನ್ನೂ ಉಳಿದಿದೆ, ಬೆಂಗಳೂರು ಕರಗದವರು ಇಂದಿಗೂ ಅಲ್ಲಿಗೆ ಬರುತ್ತಾರೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಅಡಿಯಲ್ಲೂ ಕೆರೆಯೇ. ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ್ದು, ಅದೂ ಕೆರೆ ಜಾಗ. ಆಟಕ್ಕೆ ಜಾಗ ಬೇಕಾದಾಗಲೆಲ್ಲ ಬೆಂಗಳೂರು ಕೈಹಾಕಿದ್ದು ನೀರಿಗೆ. ಮಳೆ ಬಂದಾಗ ನೀರು ತನ್ನ ಜಾಗ ಕೇಳುತ್ತದೆ, ಆಗ ಟಿವಿಯವರು ಅದನ್ನು ಅನಾಹುತ ಎನ್ನುತ್ತಾರೆ.

● ಆಟದ ಬಯಲನ್ನು ಸಿಕ್ಕಸಿಕ್ಕದ್ದಕ್ಕೆ ಬಳಸದಂತೆ ನಮ್ಮ ರಾಜ್ಯದಲ್ಲೇ ಕಾಯ್ದೆ ಇದೆ ಗೊತ್ತೇ? ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳನ್ನು ಕಾಪಾಡಲೆಂದು 1985ರಲ್ಲೇ ಮಾಡಿದ್ದು. ಅದಕ್ಕಿಂತ ಗಟ್ಟಿಯಾದದ್ದು ಸುಪ್ರೀಂ ಕೋರ್ಟಿನ 1991ರ ತೀರ್ಪು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ನಕ್ಷೆಯಲ್ಲಿ ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಹಂಚಿಕೆ ಮಾಡಲಾಗಿತ್ತು. ಬಿ.ಎಸ್. ಮುದ್ದಪ್ಪ ಮತ್ತು ಇತರ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆ ಒಳ್ಳೆಯ ಕೆಲಸವೇ ಇರಬಹುದು, ಆದರೆ ಜನರ ತೆರೆದ ಜಾಗವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಯಾರಿಗೂ ಇಲ್ಲ ಎಂದು ಹಂಚಿಕೆ ರದ್ದಾಯಿತು. ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಮೊಕದ್ದಮೆ ಇದು. ಅಲ್ಲಿ ಲಾಬಾಟ್ ಮನೆತನದ ಷರತ್ತು ಮಾಡಿದ ಕೆಲಸವನ್ನು ಇಲ್ಲಿ ಬಡಾವಣೆಯವರ ಹಟ ಮಾಡಿತು.

● ಕ್ರೀಡಾಂಗಣ ಕಟ್ಟಿ ಬಿಚ್ಚಿಬಿಡುವುದೂ ಉಂಟು. 2024ರ ವಿಶ್ವಕಪ್ಪಿಗೆಂದು ನ್ಯೂಯಾರ್ಕ್ ಬಳಿಯ ಐಸನ್‌ಹೋವರ್ ಪಾರ್ಕಿನಲ್ಲಿ 34,000 ಜನ ಕೂರುವಷ್ಟು ಗ್ಯಾಲರಿ ಎಬ್ಬಿಸಿದರು. ಪಿಚ್ ಸಿದ್ಧಪಡಿಸಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನ ಪರಿಣತರು, ಅದು ಬೆಳೆದದ್ದು ಫ್ಲಾರಿಡಾದಲ್ಲಿ, ಬಂದದ್ದು ಲಾರಿಯಲ್ಲಿ. ಜೂನ್ 9ಕ್ಕೆ ಭಾರತ–ಪಾಕಿಸ್ತಾನ, ಜೂನ್ 12ಕ್ಕೆ ಭಾರತ–ಅಮೆರಿಕ. ಪಂದ್ಯಗಳು ಮುಗಿದ ಬೆನ್ನಿಗೇ ಎಲ್ಲ ಬಿಚ್ಚಿ ಪಾರ್ಕನ್ನು ಊರಿಗೆ ಒಪ್ಪಿಸಿದರು.

● ಕ್ರಿಕೆಟ್ ಮತ್ತು ಬೇಸ್‌ಬಾಲ್ ಎರಡೂ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಒಟ್ಟಿಗೆ ಬರಲಿವೆ. ತೀರ್ಮಾನವಾದದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈಯಲ್ಲಿ ಕೂತ ಸಭೆಯಲ್ಲಿ. ಬೇಸ್‌ಬಾಲ್‌ಗೆ ಡಾಡ್ಜರ್ ಸ್ಟೇಡಿಯಂ ಇದ್ದೇ ಇದೆ. 1900ರ ಪ್ಯಾರಿಸ್ ನಂತರ ಮೊದಲ ಸಲ ಒಲಿಂಪಿಕ್ಸ್‌ಗೆ ಮರಳುತ್ತಿರುವ ಕ್ರಿಕೆಟ್‌ಗೆ ಸಿಕ್ಕಿರುವುದು ಪೊಮೊನಾ ಎಂಬಲ್ಲಿ ತಾತ್ಕಾಲಿಕವಾಗಿ ಸಜ್ಜಾಗುವ ಅಂಗಳ. 1922ರಿಂದ ಲಾಸ್ ಏಂಜಲೀಸ್ ಕೌಂಟಿಯ ಜಾತ್ರೆ ನಡೆಯುತ್ತಿರುವ ಬಯಲು ಅದು.